ಹರಿಕೇನ್‌ನೊಳಗೆ ಹಾರುವ ಸಂಶೋಧನಾ ವಿಮಾನಗಳ ವರದಿಯನ್ನು ಓದುವ ಬಗೆ

ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಒಂದು ರೂಪುಗೊಂಡು ಕರಾವಳಿಯತ್ತ ಸಾಗತೊಡಗಿದಾಗ, ಅದರ ಒಡಲನ್ನು ಹೊಕ್ಕು ಹೊರಬರುವ ವಿಮಾನಗಳ ಅಳತೆಗಳು ಕೆಲವೇ ನಿಮಿಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಜಾಲತಾಣವನ್ನು ತಲುಪುತ್ತವೆ. ಅವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಆದರೆ ಅವು ಇರುವುದು ಒತ್ತೊತ್ತಾಗಿ ಜೋಡಿಸಿದ ಅಂಕಿಗಳ ಸಾಲುಗಳ ರೂಪದಲ್ಲಿ. ಓದುವ ಕ್ರಮ ತಿಳಿಯದವರು ಆ ಸಾಲುಗಳಲ್ಲಿ ಕಣ್ಣಿಗೆ ಬಿದ್ದ ಅತಿ ದೊಡ್ಡ ಸಂಖ್ಯೆಯನ್ನು ಹೆಕ್ಕಿ, ಚಂಡಮಾರುತದ ಬಲ ಇಷ್ಟೆಂದು ಸಾರಿಬಿಡುವುದು ಪ್ರತಿ ವರ್ಷವೂ ಕಾಣುವ ಸಂಗತಿ. ವಿಮಾನ ಕಳುಹಿಸುವ ಪ್ರತಿಯೊಂದು ಅಂಕಿಯೂ ಒಂದು ಎತ್ತರಕ್ಕೆ, ಒಂದು ಸ್ಥಳಕ್ಕೆ ಮತ್ತು ಒಂದು ಗಳಿಗೆಗೆ ಮಾತ್ರ ಸೇರಿದ್ದು. ಈ ಮೂರನ್ನೂ ಪಕ್ಕದಲ್ಲಿಟ್ಟುಕೊಳ್ಳದೆ ಯಾವ ಅಂಕಿಯನ್ನೂ ನಂಬಬಾರದು ಎಂಬುದೇ ಇಲ್ಲಿ ವಿವರಿಸಿರುವ ವಿಧಾನದ ತಳಹದಿ.

ಉಪಗ್ರಹಗಳಿರುವಾಗ ವಿಮಾನವೇಕೆ ಎಂಬ ಪ್ರಶ್ನೆ ಸಹಜವಾದದ್ದು. ಉಪಗ್ರಹವು ಮುಖ್ಯವಾಗಿ ಮೋಡಗಳ ನೆತ್ತಿಯನ್ನು ನೋಡುತ್ತದೆ; ಮೋಡಗಳ ವಿನ್ಯಾಸದಿಂದ ಗಾಳಿಯ ವೇಗವನ್ನು ಅಂದಾಜಿಸುವ ಡ್ವೊರಾಕ್ ವಿಧಾನವನ್ನು ಜಗತ್ತಿನ ಬಹುಭಾಗದಲ್ಲಿ ಬಳಸುತ್ತಾರೆ. ಆದರೆ ಚಂಡಮಾರುತದ ಕಣ್ಣಿನ, ಎಂದರೆ ಅದರ ನಡುವಿನ ಶಾಂತ ಭಾಗದ, ಕೆಳಗೆ ಸಮುದ್ರಮಟ್ಟದಲ್ಲಿರುವ ವಾಯುಭಾರವನ್ನು ನೇರವಾಗಿ ಅಳೆಯಲು ಉಪಕರಣವೊಂದು ಅಲ್ಲಿಗೇ ಹೋಗಬೇಕು. 1943ರ ಜುಲೈ 27ರಂದು ಜೋಸೆಫ್ ಡಕ್‌ವರ್ತ್ ಎಂಬ ಸೇನಾ ಪೈಲಟ್, ರಾಲ್ಫ್ ಓಹೇರ್ ಅವರನ್ನು ನ್ಯಾವಿಗೇಟರ್ ಆಗಿ ಕೂರಿಸಿಕೊಂಡು, ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಬಳಿಯ ಹರಿಕೇನ್‌ನ ಕಣ್ಣಿನೊಳಗೆ ಹೋಗಿ ಬಂದ ಮೇಲೆ, ಇದು ಸಾಧ್ಯವಿರುವ ಕೆಲಸವೆಂಬುದು ಖಚಿತವಾಯಿತು. ಸಾಧ್ಯವೆಂದ ಮಾತ್ರಕ್ಕೆ ನಿರಪಾಯವೆಂದಲ್ಲ. 1955ರ ಸೆಪ್ಟೆಂಬರ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಜಾನೆಟ್ ಹರಿಕೇನ್‌ನೊಳಗೆ ಹೋದ ನೌಕಾಪಡೆಯ ವಿಮಾನವು ಒಂಬತ್ತು ಮಂದಿ ಸಿಬ್ಬಂದಿ ಮತ್ತು ಇಬ್ಬರು ಪತ್ರಕರ್ತರೊಂದಿಗೆ ಮರಳಿ ಬರಲೇ ಇಲ್ಲ.

ಮೊದಲು ವಿಮಾನ ಯಾವುದೆಂದು ಗುರುತಿಸಿ

ವರದಿಯೊಂದನ್ನು ತೆರೆದಾಗ ಅಂಕಿಗಳಿಗೆ ಕೈಹಾಕುವ ಮುನ್ನ ಅದನ್ನು ಕಳುಹಿಸಿದ ವಿಮಾನ ಯಾವುದೆಂದು ತಿಳಿದುಕೊಳ್ಳಬೇಕು, ಏಕೆಂದರೆ ವಿಮಾನದ ಬಗೆಯೇ ಅದು ಹಾರುವ ಎತ್ತರವನ್ನೂ ಉದ್ದೇಶವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ. ಮಿಸಿಸಿಪ್ಪಿಯ ಕೀಸ್ಲರ್ ವಾಯುನೆಲೆಯಲ್ಲಿರುವ ವಾಯುಪಡೆ ಮೀಸಲು ದಳದ 53ನೇ ಹವಾಮಾನ ವೀಕ್ಷಣಾ ಸ್ಕ್ವಾಡ್ರನ್ ಹತ್ತು ಡಬ್ಲ್ಯುಸಿ-130ಜೆ ವಿಮಾನಗಳನ್ನು ನಡೆಸುತ್ತದೆ; ನಿಯಮಿತವಾಗಿ ಚಂಡಮಾರುತದ ಕೇಂದ್ರವನ್ನು ಪತ್ತೆಹಚ್ಚುವ ಕೆಲಸದ ಬಹುಪಾಲು ಇವುಗಳದ್ದು. ಫ್ಲೋರಿಡಾದ ಲೇಕ್‌ಲ್ಯಾಂಡ್‌ನಿಂದ ಹಾರುವ, ನೋವಾ ಎಂಬ ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯ ಎರಡು ಡಬ್ಲ್ಯುಪಿ-3ಡಿ ಓರಿಯನ್ ವಿಮಾನಗಳು ನಾಲ್ಕು ಟರ್ಬೊಪ್ರಾಪ್ ಎಂಜಿನ್ನುಗಳ ಹಾರುವ ಪ್ರಯೋಗಾಲಯಗಳು. 1970ರ ದಶಕದ ಮಧ್ಯಭಾಗದಿಂದ ಸೇವೆಯಲ್ಲಿರುವ ಇವು ಸಂಶೋಧನೆಗೆ ಮೀಸಲಾದ ಉಪಕರಣಗಳನ್ನು ಹೊತ್ತಿರುತ್ತವೆ. ಮೂರನೆಯದು ಗಲ್ಫ್‌ಸ್ಟ್ರೀಮ್-4 ಜೆಟ್. ಇದು ಸಾಮಾನ್ಯವಾಗಿ ಕಣ್ಣನ್ನು ಸೀಳುವುದಿಲ್ಲ. 12ರಿಂದ 14 ಕಿಲೋಮೀಟರ್ ಎತ್ತರದಲ್ಲಿ ಚಂಡಮಾರುತದ ಸುತ್ತಲೂ ಹಾರಿ, ಅದನ್ನು ಒಂದು ದಿಕ್ಕಿಗೆ ತಳ್ಳುವ ವಿಶಾಲ ಗಾಳಿಪ್ರವಾಹವನ್ನು ಅಳೆಯುತ್ತದೆ. ಗಲ್ಫ್‌ಸ್ಟ್ರೀಮ್‌ನ ವರದಿಯಲ್ಲಿ ಗಾಳಿ ದುರ್ಬಲವಾಗಿದೆಯೆಂದು ಹರಿಕೇನ್ ದುರ್ಬಲವಾಗುತ್ತಿದೆ ಎಂದು ತೀರ್ಮಾನಿಸುವುದು ಹೊಸ ಓದುಗರು ಎಡವುವ ಮೊದಲ ಜಾಗ. (ನೋವಾದ ಮೂರು ವಿಮಾನಗಳಿಗೂ ಕರ್ಮಿಟ್, ಮಿಸ್ ಪಿಗ್ಗಿ, ಗೊನ್ಜೊ ಎಂಬ ಬೊಂಬೆಗಳ ಹೆಸರುಗಳಿವೆ. ಗಂಭೀರ ಕೆಲಸಕ್ಕೆ ಹೊರಟವರಿಗೂ ತುಸು ಹಾಸ್ಯ ಬೇಕಾಗುತ್ತದೆ.)

ಪ್ರತಿ ಸಂದೇಶದ ತಲೆಯಲ್ಲಿ ವಿಮಾನದ ಗುರುತು, ಒಂದು ನಾಲ್ಕಂಕಿಯ ಸಂಖ್ಯೆ, ಒಂದು ಅಕ್ಷರ ಮತ್ತು ಚಂಡಮಾರುತದ ಹೆಸರು ಇರುತ್ತವೆ. ಉದಾಹರಣೆಗೆ ‘ನೋವಾ3 1209ಎ ಇಯಾನ್’ ಎಂಬ ರೂಪವನ್ನು ತೆಗೆದುಕೊಳ್ಳಿ. ನೋವಾ3 ಎಂದರೆ ಎರಡು ಓರಿಯನ್‌ಗಳಲ್ಲಿ ಒಂದು. 12 ಎಂದರೆ ಆ ಚಂಡಮಾರುತದೊಳಗೆ ನಡೆದ ಹನ್ನೆರಡನೆಯ ಹಾರಾಟ. 09 ಎಂದರೆ ಆ ವರ್ಷದ ಒಂಬತ್ತನೆಯ ಉಷ್ಣವಲಯದ ಚಂಡಮಾರುತ. ಕೊನೆಯ ಅಕ್ಷರ ಅಟ್ಲಾಂಟಿಕ್ ಸಾಗರವನ್ನು ಸೂಚಿಸುತ್ತದೆ. ಎರಡು ವಿಮಾನಗಳು ಏಕಕಾಲದಲ್ಲಿ ಗಾಳಿಯಲ್ಲಿರುವ ದಿನಗಳಲ್ಲಿ ಈ ತಲೆಸಾಲನ್ನು ನೋಡದೆ ಓದಿದರೆ, ಎರಡು ಬೇರೆ ಎತ್ತರಗಳ ಅಳತೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ.

ಯಾವ ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತದೆಂಬುದು ಮುನ್ನಾ ದಿನವೇ ಗೊತ್ತಾಗಿರುತ್ತದೆ. ಹರಿಕೇನ್ ಕೇಂದ್ರದೊಳಗೇ ಇರುವ ವಾಯುಪಡೆಯ ಸಮನ್ವಯ ಘಟಕವು ಪ್ರತಿದಿನ ‘ದಿನದ ಯೋಜನೆ’ ಎಂಬ ಪ್ರಕಟಣೆಯನ್ನು ಹೊರಡಿಸುತ್ತದೆ; ಅದು ಒಂದು ದಿನದ 1100 ಯುಟಿಸಿಯಿಂದ (ಯುಟಿಸಿ ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ಮರುದಿನದ 1100 ಯುಟಿಸಿವರೆಗೆ ಅನ್ವಯಿಸುತ್ತದೆ. ಹೊರಡುವ ವೇಳೆ, ಚಂಡಮಾರುತದ ಕೇಂದ್ರ ಮುಟ್ಟಬೇಕಾದ ವೇಳೆ, ಹಾರಾಟದ ಎತ್ತರ ಎಲ್ಲವೂ ಅದರಲ್ಲಿರುತ್ತವೆ. ವರದಿಗಳಲ್ಲಿನ ಎಲ್ಲ ಸಮಯಗಳೂ ಯುಟಿಸಿಯಲ್ಲೇ ಇರುವುದರಿಂದ, ಓದಲು ಕೂರುವ ಮೊದಲು ನಿಮ್ಮ ಗಡಿಯಾರದೊಂದಿಗೆ ಅದರ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹಾದಿಯನ್ನು ನಕ್ಷೆಯಲ್ಲಿ ಬರೆಯಿರಿ

ಎರಡನೆಯ ಹೆಜ್ಜೆ, ವಿಮಾನ ಹಾರಿದ ಹಾದಿಯನ್ನು ನಕ್ಷೆಯ ಮೇಲೆ ಗುರುತಿಸುವುದು. ಸಾಮಾನ್ಯ ವೀಕ್ಷಣಾ ಹಾರಾಟದಲ್ಲಿ ವಿಮಾನವು ಕೇಂದ್ರದಿಂದ ಸುಮಾರು 105 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿಲೋಮೀಟರ್) ದೂರದ ಒಂದು ಮೂಲೆಯಿಂದ ನೇರವಾಗಿ ಕೇಂದ್ರದ ಮೂಲಕ ಸಾಗಿ ಎದುರು ಮೂಲೆಗೆ ಹೋಗುತ್ತದೆ. ಅಲ್ಲಿಂದ ಪಕ್ಕದ ಮೂಲೆಗೆ ತಿರುಗಿ ಮತ್ತೊಮ್ಮೆ ಕೇಂದ್ರವನ್ನು ದಾಟುತ್ತದೆ. ಮೇಲಿನಿಂದ ನೋಡಿದರೆ ಅದು ಇಂಗ್ಲಿಷಿನ ನಾಲ್ಕು ಅಂಕಿಯನ್ನು ಹೋಲುತ್ತದೆ. ಸಿಬ್ಬಂದಿ ಇದನ್ನು ಆಲ್ಫಾ ವಿನ್ಯಾಸ ಎನ್ನುತ್ತಾರೆ. ಸಂಶೋಧನಾ ಹಾರಾಟಗಳಲ್ಲಿ ಇನ್ನಷ್ಟು ಕೋನಗಳಿಂದ ಕೇಂದ್ರವನ್ನು ದಾಟುವ ಚಿಟ್ಟೆ ವಿನ್ಯಾಸವೂ, ಇನ್ನೂ ಸಂಘಟಿತವಾಗದ ಮೋಡಗುಂಪಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸಮಾನಾಂತರವಾಗಿ ಹಾರುವ ವಿನ್ಯಾಸವೂ ಬಳಕೆಯಲ್ಲಿವೆ.

ಹಾದಿಯನ್ನು ಬರೆಯುವುದು ಏಕೆ ಮುಖ್ಯವೆಂದರೆ, ವಿಮಾನ ನೋಡದ ಭಾಗ ಎಷ್ಟು ದೊಡ್ಡದೆಂಬುದು ಆಗ ಕಣ್ಣಿಗೆ ಕಾಣುತ್ತದೆ. ಆಲ್ಫಾ ವಿನ್ಯಾಸದಲ್ಲಿ ಕಣ್ಣಿನ ಗೋಡೆಯನ್ನು, ಎಂದರೆ ಕಣ್ಣನ್ನು ಸುತ್ತುವರಿದ ದಟ್ಟ ಮೋಡಗಳ ಉಂಗುರವನ್ನು, ನಾಲ್ಕು ಕಡೆಗಳಲ್ಲಿ ಮಾತ್ರ ಕತ್ತರಿಸಿದಂತಾಗುತ್ತದೆ, ಅದೂ ಗಂಟೆಗಟ್ಟಲೆ ಅಂತರದಲ್ಲಿ. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಸಾಗುವ ದಿಕ್ಕಿಗೆ ಬಲಭಾಗದಲ್ಲಿ ಅದರ ಸ್ವಂತ ಚಲನೆಯೂ ಗಾಳಿಗೆ ಸೇರಿಕೊಳ್ಳುವುದರಿಂದ, ಗರಿಷ್ಠ ಗಾಳಿ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ವಿಮಾನ ಇನ್ನೂ ಆ ಬಲಭಾಗವನ್ನು ಮುಟ್ಟಿರದಿದ್ದರೆ, ಅಲ್ಲಿಯವರೆಗೆ ಬಂದ ಗರಿಷ್ಠ ಸಂಖ್ಯೆಯನ್ನು ಅರ್ಧ ವರದಿಯೆಂದೇ ಪರಿಗಣಿಸಬೇಕು.

ಕೇಂದ್ರ ಎಲ್ಲಿದೆಯೆಂದು ವಿಮಾನದವರಿಗೆ ತಿಳಿಯುವುದು ಗಾಳಿಯಿಂದಲೇ. ಅಪ್ರದಕ್ಷಿಣವಾಗಿ ಸುತ್ತುವ ಗಾಳಿಯನ್ನು ಎಡರೆಕ್ಕೆಯ ಕಡೆಯಿಂದ ಬರುವಂತೆ ಇಟ್ಟುಕೊಂಡು ಹಾರಿದರೆ ವಿಮಾನ ಒಳಕ್ಕೆ ಸಾಗುತ್ತದೆ. ಗಾಳಿ ಏರುತ್ತಾ ಹೋಗಿ, ಕಣ್ಣಿನ ಗೋಡೆ ದಾಟಿದೊಡನೆ ಥಟ್ಟನೆ ಕುಸಿದು, ಕೇಂದ್ರದ ಆಚೆಗೆ ಎದುರು ದಿಕ್ಕಿನಿಂದ ಮತ್ತೆ ಏಳುತ್ತದೆ. ನೀವು ಕೂಡ ಸಾಲುಗಳಲ್ಲಿ ಈ ತಿರುವನ್ನೇ ಹುಡುಕಬೇಕು.

ಅರ್ಧ ನಿಮಿಷಕ್ಕೊಂದು ಸಾಲು

ವಿಮಾನದ ಕಂಪ್ಯೂಟರ್ ಪ್ರತಿ 30 ಸೆಕೆಂಡಿಗೆ ಒಂದು ಸಾಲನ್ನು ತಯಾರಿಸುತ್ತದೆ. ಇಂಥ 20 ಸಾಲುಗಳು, ಎಂದರೆ ಹತ್ತು ನಿಮಿಷಗಳ ಅಳತೆ, ಒಂದು ಸಂದೇಶವಾಗಿ ಉಪಗ್ರಹದ ಮೂಲಕ ಬರುತ್ತವೆ. ಇವನ್ನು ಎಚ್‌ಡಿಒಬಿ ಸಂದೇಶಗಳೆನ್ನುತ್ತಾರೆ. ಅಭ್ಯಾಸಕ್ಕೆಂದು ನಾನೇ ಜೋಡಿಸಿದ ಒಂದು ಸಾಲು ಇಲ್ಲಿದೆ. ಸಮಯದ ನಂತರ ಬರುವ ಅಕ್ಷಾಂಶ ರೇಖಾಂಶಗಳನ್ನು ಬಿಟ್ಟಿದ್ದೇನೆ.

141530 6968 02720 9560 +131 +118 135104 107 091 018 00

ಮೊದಲ ಗುಂಪು ಸಮಯ: 14 ಗಂಟೆ 15 ನಿಮಿಷ 30 ಸೆಕೆಂಡು ಯುಟಿಸಿ. ಎರಡನೆಯದು ವಿಮಾನವಿರುವ ಮಟ್ಟದ ವಾಯುಭಾರ, ಕೊನೆಯ ಅಂಕಿ ದಶಾಂಶ, ಎಂದರೆ 696.8 ಮಿಲಿಬಾರ್. ಮೂರನೆಯದು ವಿಮಾನದ ಎತ್ತರ, 2720 ಮೀಟರ್. ಪ್ರಮಾಣಿತ ವಾತಾವರಣದಲ್ಲಿ 700 ಮಿಲಿಬಾರ್ ಮಟ್ಟವು ಸುಮಾರು 3012 ಮೀಟರ್ ಎತ್ತರದಲ್ಲಿರುತ್ತದೆ. ಚಂಡಮಾರುತದ ಕೇಂದ್ರಕ್ಕೆ ಹತ್ತಿರವಾದಂತೆ ಆ ಮಟ್ಟವೇ ತಗ್ಗುತ್ತದೆ, ಪ್ರಬಲ ಹರಿಕೇನ್‌ನ ಕಣ್ಣಿನಲ್ಲಿ ಅದು 2500 ಮೀಟರಿಗಿಂತಲೂ ಕೆಳಗಿಳಿಯುತ್ತದೆ. ಪೈಲಟ್ ಒಂದೇ ಒತ್ತಡದ ಮಟ್ಟವನ್ನು ಹಿಡಿದು ಹಾರುವುದರಿಂದ, ಈ ಎತ್ತರದ ಗುಂಪನ್ನು ಮಾತ್ರ ಮೇಲಿನಿಂದ ಕೆಳಗೆ ಓದಿಕೊಂಡು ಹೋದರೂ ಕೇಂದ್ರ ಎಲ್ಲಿ ಸಿಕ್ಕಿತೆಂಬುದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇಡೀ ಸಾಲಿನಲ್ಲಿ ಅತ್ಯಂತ ವಿಶ್ವಾಸಾರ್ಹ ಅಂಕಿ ಇದೇ, ಆದರೂ ಇದನ್ನು ಗಮನಿಸುವವರು ಕಡಿಮೆ.

ನಾಲ್ಕನೆಯ ಗುಂಪು, ಆ ಎತ್ತರದಿಂದ ಲೆಕ್ಕಹಾಕಿದ ಸಮುದ್ರಮಟ್ಟದ ವಾಯುಭಾರ: 956.0 ಮಿಲಿಬಾರ್. ವಾಯುಭಾರ 1000 ದಾಟಿದರೆ ಮೊದಲ ಒಂದನ್ನು ಬಿಟ್ಟು ಬರೆಯುತ್ತಾರೆ. 0042 ಎಂದಿದ್ದರೆ ಅದು 1004.2. ಮುಂದಿನ ಎರಡು ಗುಂಪುಗಳು ಉಷ್ಣಾಂಶ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ): 13.1 ಮತ್ತು 11.8 ಡಿಗ್ರಿ ಸೆಲ್ಸಿಯಸ್. ಇವೆರಡೂ ಹತ್ತಿರವಿದ್ದರೆ ವಿಮಾನ ಮೋಡದೊಳಗಿದೆಯೆಂದು ತಿಳಿಯಬಹುದು. ಬಲಿತ ಹರಿಕೇನ್‌ನ ಕಣ್ಣಿನೊಳಗೆ ಗಾಳಿ ಮೇಲಿನಿಂದ ಇಳಿದು ಒತ್ತಿಕೊಂಡು ಬಿಸಿಯಾಗುವುದರಿಂದ, ಉಷ್ಣಾಂಶ ಹಲವು ಡಿಗ್ರಿಗಳಷ್ಟು ಏರಿ ಇಬ್ಬನಿ ಬಿಂದು ಅದರಿಂದ ದೂರ ಸರಿಯುತ್ತದೆ. ಈ ಅಂತರ ಹಿಂದಿನ ಸುತ್ತಿಗಿಂತ ಹೆಚ್ಚಾಗಿದ್ದರೆ ಕಣ್ಣು ಗಟ್ಟಿಗೊಳ್ಳುತ್ತಿದೆ ಎಂದರ್ಥ.

ನಂತರದ ಆರಂಕಿಯ ಗುಂಪು ಗಾಳಿಯದ್ದು. ಮೊದಲ ಮೂರು ಅಂಕಿ ಗಾಳಿ ಬೀಸಿ ಬರುವ ದಿಕ್ಕು, ಉಳಿದ ಮೂರು ವೇಗ: 135 ಡಿಗ್ರಿಯಿಂದ, ಎಂದರೆ ಆಗ್ನೇಯದಿಂದ, 104 ನಾಟ್. ಆಗ್ನೇಯದಿಂದ ಗಾಳಿ ಬರುತ್ತಿದ್ದರೆ ವಿಮಾನ ಕೇಂದ್ರದ ಈಶಾನ್ಯಕ್ಕಿದೆ ಎಂದು ನಕ್ಷೆಯಿಲ್ಲದೆಯೇ ಹೇಳಬಹುದು. ಇದು 30 ಸೆಕೆಂಡುಗಳ ಸರಾಸರಿ. ಪಕ್ಕದ 107 ಎಂಬುದು ಅದೇ ಅವಧಿಯೊಳಗಿನ ಹತ್ತು ಸೆಕೆಂಡುಗಳ ಗರಿಷ್ಠ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಇವೆರಡೂ ವಿಮಾನದ ಎತ್ತರದ ಗಾಳಿಯೇ ಹೊರತು ಸಮುದ್ರದ ಮೇಲಿನದಲ್ಲ.

ಆಮೇಲೆ ಬರುವ 091 ಮಾತ್ರ ಸಮುದ್ರದ ಮೇಲ್ಮೈಗೆ ಸೇರಿದ್ದು. ಎಸ್‌ಎಫ್‌ಎಂಆರ್ ಎಂಬ ಮೈಕ್ರೋವೇವ್ ರೇಡಿಯೋಮೀಟರ್ ಕೆಳಗಿನ ಸಮುದ್ರದ ನೊರೆ ಹೊರಸೂಸುವ ವಿಕಿರಣವನ್ನು ಆರು ತರಂಗಾಂತರಗಳಲ್ಲಿ ಅಳೆಯುತ್ತದೆ. ಗಾಳಿ ಹೆಚ್ಚಿದಷ್ಟೂ ನೊರೆ ಹೆಚ್ಚು, ನೊರೆ ಹೆಚ್ಚಿದಷ್ಟೂ ವಿಕಿರಣ ಹೆಚ್ಚು. ಆರು ತರಂಗಾಂತರಗಳನ್ನು ಬಳಸುವುದು ಮಳೆಯ ಪಾಲನ್ನು ಬೇರ್ಪಡಿಸಲು. ಆ ಮಳೆಯ ಪ್ರಮಾಣವೇ ಮುಂದಿನ ಗುಂಪು, ಗಂಟೆಗೆ 18 ಮಿಲಿಮೀಟರ್. ಈ ಉಪಕರಣಕ್ಕೆ ತನ್ನವೇ ಆದ ದೌರ್ಬಲ್ಯಗಳಿವೆ. ಆಳವಿಲ್ಲದ ನೀರಿನ ಮೇಲೆ ಅಲೆಗಳು ಮುರಿದು ನೊರೆ ಹೆಚ್ಚುವುದರಿಂದ ಅದು ಗಾಳಿಯನ್ನು ಹೆಚ್ಚಾಗಿ ತೋರಿಸುತ್ತದೆ. ನೆಲದ ಮೇಲೆ ಅದರ ಅಂಕಿಗೆ ಅರ್ಥವೇ ಇಲ್ಲ. ವಿಮಾನ ವಾಲಿ ತಿರುಗುವಾಗಲೂ ತಪ್ಪುತ್ತದೆ. ದ್ವೀಪಗಳ ಸಮೀಪ ಒಂದೇ ಒಂದು ಸಾಲಿನಲ್ಲಿ ದಿಢೀರನೆ ಜಿಗಿದ ಎಸ್‌ಎಫ್‌ಎಂಆರ್ ಅಂಕಿಯನ್ನು ಕಂಡರೆ ಮೊದಲು ಅದರ ಅಕ್ಷಾಂಶ ರೇಖಾಂಶವನ್ನು ನಕ್ಷೆಯಲ್ಲಿ ನೋಡಿ.

ಸಾಲಿನ ಕೊನೆಯ ಎರಡು ಅಂಕಿಗಳು ಗುಣಮಟ್ಟದ ಸೂಚಕಗಳು. ಮೊದಲನೆಯದು ಸ್ಥಾನ ಮತ್ತು ಎತ್ತರಕ್ಕೆ, ಎರಡನೆಯದು ಹವಾಮಾನದ ಅಳತೆಗಳಿಗೆ ಸಂಬಂಧಿಸಿದ್ದು. 00 ಇದ್ದರೆ ಸಂದೇಹವಿಲ್ಲ. 03 ಎಂದಿದ್ದರೆ ಎಸ್‌ಎಫ್‌ಎಂಆರ್ ಅಳತೆ ಸಂಶಯಾಸ್ಪದ. 02 ಎಂದಿದ್ದರೆ ಹಾರಾಟದ ಮಟ್ಟದ ಗಾಳಿ ಸಂಶಯಾಸ್ಪದ. ಬಿರುಗಾಳಿಯ ರಾತ್ರಿ ಹರಡುವ ಬೆರಗಿನ ಸಂಖ್ಯೆಗಳಲ್ಲಿ ಹಲವು ಈ ಎರಡು ಅಂಕಿಗಳನ್ನು ನೋಡದವರ ಕೊಡುಗೆ.

ಮೇಲಿನಿಂದ ಬಿಡುವ ಕೊಳವೆ

ಡ್ರಾಪ್‌ಸೋಂಡ್ ಎಂಬುದು ಅರ್ಧ ಕಿಲೋಗ್ರಾಂಗಿಂತ ಕಡಿಮೆ ತೂಕದ, ಸಣ್ಣ ಧುಮುಕುಕೊಡೆ ಕಟ್ಟಿದ ಕೊಳವೆ. ವಿಮಾನದಿಂದ ಬಿಟ್ಟ ಮೇಲೆ ಅದು ಸಮುದ್ರಕ್ಕೆ ಬೀಳುವವರೆಗೂ ವಾಯುಭಾರ, ಉಷ್ಣಾಂಶ, ಆರ್ದ್ರತೆಗಳನ್ನು ಅಳೆಯುತ್ತಾ, ಜಿಪಿಎಸ್‌ನಿಂದ ತನ್ನ ಚಲನೆಯನ್ನು ತಿಳಿದು ಗಾಳಿಯ ವೇಗವನ್ನೂ ಕಳುಹಿಸುತ್ತಿರುತ್ತದೆ. ಮೂರು ಕಿಲೋಮೀಟರ್ ಎತ್ತರದಿಂದ ಬಿದ್ದರೆ ಕೆಲವೇ ನಿಮಿಷಗಳ ಆಯುಸ್ಸು ಅದಕ್ಕೆ. ವಿಮಾನ ಹೋಗಲಾಗದ ಕೊನೆಯ ನೂರಾರು ಮೀಟರ್‌ಗಳನ್ನು ನೇರವಾಗಿ ಮುಟ್ಟಿ ಅಳೆಯುವ ಮುಖ್ಯ ಸಾಧನ ಇದು.

ಸಂದೇಶದಲ್ಲಿ 99ರಿಂದ ಆರಂಭವಾಗುವ ಐದಂಕಿಯ ಗುಂಪು ಸಮುದ್ರಮಟ್ಟದ ವಾಯುಭಾರ: 99956 ಎಂದರೆ 956 ಮಿಲಿಬಾರ್. ಅದರ ನಂತರದ ಗುಂಪು ಉಷ್ಣಾಂಶದ್ದು, ಆಮೇಲಿನದು ಗಾಳಿಯದ್ದು. ಗಾಳಿಯ ಗುಂಪಿನಲ್ಲಿ ಒಂದು ತೊಡಕಿದೆ. ಮೊದಲೆರಡು ಅಂಕಿ ದಿಕ್ಕಿನ ಹತ್ತುಗಳು, ಉಳಿದ ಮೂರು ವೇಗ. ದಿಕ್ಕು ಐದರಲ್ಲಿ ಮುಗಿದರೆ ವೇಗಕ್ಕೆ 500 ಕೂಡಿಸಿ ಬರೆಯುತ್ತಾರೆ. ಹೀಗಾಗಿ 13110 ಎಂದರೆ 130 ಡಿಗ್ರಿಯಿಂದ 110 ನಾಟ್, 13610 ಎಂದರೆ 135 ಡಿಗ್ರಿಯಿಂದ ಅದೇ 110 ನಾಟ್. ಮೂರನೆಯ ಅಂಕಿ ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದಿಂದ 500 ಕಳೆದು ದಿಕ್ಕಿಗೆ 5 ಕೂಡಿಸಿ. ಅಷ್ಟು ನೆನಪಿದ್ದರೆ ಸಾಕು.

ಕಣ್ಣಿನ ಗೋಡೆಯಲ್ಲಿ ಬಿದ್ದ ಕೊಳವೆಯ ಕೊನೆಯ ಅಳತೆಯನ್ನು ಚಂಡಮಾರುತದ ಗಾಳಿ ಎಂದು ಬರೆದುಕೊಳ್ಳಬೇಡಿ. ಹರಿಕೇನ್ ಕೇಂದ್ರ ಪ್ರಕಟಿಸುವ ವೇಗವು ಹತ್ತು ಮೀಟರ್ ಎತ್ತರದಲ್ಲಿ ಒಂದು ನಿಮಿಷದ ಸರಾಸರಿ. ಕೊಳವೆ ಹೇಳುವುದು ತಾನು ಬೀಳುತ್ತಿದ್ದ ಹಾದಿಯಲ್ಲಿ ಆ ಗಳಿಗೆಗೆ ಸಿಕ್ಕ ಬೀಸನ್ನು. ಅದು ಜೋರಾದ ಬೀಸೂ ಆಗಿರಬಹುದು, ಎರಡು ಬೀಸುಗಳ ನಡುವಣ ಬಿಡುವೂ ಆಗಿರಬಹುದು. ಈ ಏರಿಳಿತವನ್ನು ಸವರಲೆಂದೇ ಸಂದೇಶದ ಕೊನೆಯಲ್ಲಿ ಕೆಳಗಿನ 150 ಮೀಟರ್‌ಗಳ ಸರಾಸರಿಯನ್ನೂ ಕೆಳಗಿನ 500 ಮೀಟರ್‌ಗಳ ಸರಾಸರಿಯನ್ನೂ ಕೊಟ್ಟಿರುತ್ತಾರೆ. ಮೊದಲನೆಯದರ ಸುಮಾರು ಶೇಕಡಾ 83, ಎರಡನೆಯದರ ಸುಮಾರು ಶೇಕಡಾ 80ರಷ್ಟನ್ನು ಮೇಲ್ಮೈ ಗಾಳಿಯ ಅಂದಾಜೆಂದು ತೆಗೆದುಕೊಳ್ಳುವುದು ವಾಡಿಕೆ. ಕೊಳವೆ ಬಿಟ್ಟ ಸ್ಥಳ ಮತ್ತು ಬಿದ್ದ ಸ್ಥಳ ಎರಡನ್ನೂ ಅಲ್ಲೇ ನಮೂದಿಸಿರುತ್ತಾರೆ. ಬಲವಾದ ಗಾಳಿಯಲ್ಲಿ ಇವೆರಡರ ನಡುವೆ ಕಿಲೋಮೀಟರ್‌ಗಟ್ಟಲೆ ಅಂತರವಿರುವುದು ಸಾಮಾನ್ಯ.

ಕೇಂದ್ರದಲ್ಲಿ ಬಿಟ್ಟ ಕೊಳವೆಗೂ ಒಂದು ತಿದ್ದುಪಡಿ ಬೇಕು. ಅದು ನಿಜವಾದ ಕೇಂದ್ರಕ್ಕೇ ಬಿದ್ದಿದ್ದರೆ ಮೇಲ್ಮೈ ಗಾಳಿ ಶಾಂತವಾಗಿರಬೇಕಿತ್ತು. ಹಾಗಿಲ್ಲದಿದ್ದರೆ ಪ್ರತಿ 10 ನಾಟ್‌ಗೆ ಒಂದು ಮಿಲಿಬಾರ್‌ನಂತೆ ವಾಯುಭಾರವನ್ನು ಕಳೆಯಬೇಕು. 2005ರ ಅಕ್ಟೋಬರ್ 19ರಂದು ವಿಲ್ಮಾ ಹರಿಕೇನ್‌ನ ಕಣ್ಣು ಕೇವಲ ಎರಡು ನಾಟಿಕಲ್ ಮೈಲಿ ಅಗಲಕ್ಕೆ ಕುಗ್ಗಿದ್ದಾಗ, ಅದರೊಳಗೆ ಬಿದ್ದ ಕೊಳವೆ 884 ಮಿಲಿಬಾರ್ ವಾಯುಭಾರವನ್ನೂ 23 ನಾಟ್ ಗಾಳಿಯನ್ನೂ ವರದಿ ಮಾಡಿತು. ಅಟ್ಲಾಂಟಿಕ್‌ನಲ್ಲಿ ಅತಿ ಕಡಿಮೆ ವಾಯುಭಾರವೆಂದು ದಾಖಲಾಗಿರುವ 882 ಮಿಲಿಬಾರ್ ಬಂದದ್ದು ಈ ಸರಳ ಕಳೆಯುವ ಲೆಕ್ಕದಿಂದ.

ಸುಳಿಯ ಸಂದೇಶ

ಪ್ರತಿ ಬಾರಿ ಕೇಂದ್ರ ದಾಟಿದ ಮೇಲೆ ವಿಮಾನದಲ್ಲಿರುವ ಹವಾಮಾನ ಅಧಿಕಾರಿ ಒಂದು ವೋರ್ಟೆಕ್ಸ್, ಎಂದರೆ ಸುಳಿಯ, ಸಂದೇಶವನ್ನು ಕಳುಹಿಸುತ್ತಾರೆ. ಸಮಯ ಕಡಿಮೆಯಿರುವ ಓದುಗರು ಬೇರೆಲ್ಲವನ್ನೂ ಬಿಟ್ಟು ಇದೊಂದನ್ನು ಓದಿದರೂ ಆದೀತು. ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಸಾಲುಗಳಿರುತ್ತವೆ: ‘ಎ’ ಸಮಯ, ‘ಬಿ’ ಕೇಂದ್ರದ ಸ್ಥಾನ, ‘ಸಿ’ ಪ್ರಮಾಣಿತ ಒತ್ತಡದ ಮಟ್ಟದ (ಉದಾಹರಣೆಗೆ 700 ಮಿಲಿಬಾರ್) ಕನಿಷ್ಠ ಎತ್ತರ, ‘ಡಿ’ ಸಮುದ್ರಮಟ್ಟದ ಕನಿಷ್ಠ ವಾಯುಭಾರ, ‘ಇ’ ಕೇಂದ್ರದಲ್ಲಿ ಕೊಳವೆ ಕಂಡ ಗಾಳಿ. ‘ಡಿ’ ಸಾಲಿನಲ್ಲಿ ‘ಎಕ್ಸ್‌ಟ್ರಾಪ್’ ಎಂಬ ಪದವಿದ್ದರೆ ಆ ವಾಯುಭಾರವು ಎತ್ತರದಿಂದ ಲೆಕ್ಕಹಾಕಿದ್ದು, ಕೊಳವೆಯಿಂದ ಅಳೆದದ್ದಲ್ಲ. ಹಾಗಿದ್ದಾಗ ಒಂದೆರಡು ಮಿಲಿಬಾರ್‌ಗಳ ಬದಲಾವಣೆಗೆ ಮಹತ್ವ ಕೊಡಬೇಡಿ.

‘ಎಫ್’ ಮತ್ತು ‘ಜಿ’ ಸಾಲುಗಳು ಕಣ್ಣಿನ ಸ್ವರೂಪವನ್ನು ಹೇಳುತ್ತವೆ. ಗೋಡೆ ಪೂರ್ತಿ ಮುಚ್ಚಿದೆಯೇ, ಯಾವ ದಿಕ್ಕಿಗೆ ತೆರೆದಿದೆ ಎಂಬುದು ಮೊದಲನೆಯದು. ಎರಡನೆಯದರಲ್ಲಿ ‘ಸಿ15’ ಎಂದಿದ್ದರೆ 15 ನಾಟಿಕಲ್ ಮೈಲಿ ವ್ಯಾಸದ ವೃತ್ತಾಕಾರ; ‘ಸಿಒ8-25’ ಎಂದಿದ್ದರೆ ಒಂದರೊಳಗೊಂದು ಎರಡು ಗೋಡೆಗಳು, ಒಳಗಿನದು 8 ಮೈಲಿ, ಹೊರಗಿನದು 25 ಮೈಲಿ. ಈ ಎರಡನೆಯ ಬಗೆ ಕಂಡಾಗ ವಿಶೇಷ ಎಚ್ಚರ ಬೇಕು. ಹೊರಗೋಡೆ ತೇವಾಂಶವನ್ನು ತಡೆದು ಒಳಗೋಡೆಯನ್ನು ಸೊರಗಿಸುವ ಹಂತವಿದು. ಗರಿಷ್ಠ ಗಾಳಿ ಕೆಲವು ಗಂಟೆಗಳ ಕಾಲ ತಗ್ಗುತ್ತದೆ, ಆದರೆ ಬಲವಾದ ಗಾಳಿಯ ವಲಯ ಹೊರಕ್ಕೆ ಹರಡುತ್ತದೆ, ವಾಯುಭಾರ ಅಷ್ಟಾಗಿ ಏರದೆಯೂ ಇರಬಹುದು. ಗಾಳಿಯ ಸಂಖ್ಯೆಯನ್ನಷ್ಟೇ ನೋಡಿದವರು ಅಪಾಯ ಕಳೆಯಿತೆಂದುಕೊಳ್ಳುವುದು ಇಂಥ ಹೊತ್ತಿನಲ್ಲೇ.

‘ಎಚ್’ನಿಂದ ‘ಒ’ವರೆಗಿನ ಸಾಲುಗಳಲ್ಲಿ ಒಳಹೋಗುವಾಗಿನ ಮತ್ತು ಹೊರಬರುವಾಗಿನ ಗರಿಷ್ಠ ಗಾಳಿಗಳು, ಮೇಲ್ಮೈಯಲ್ಲಿ ಮತ್ತು ಹಾರಾಟದ ಮಟ್ಟದಲ್ಲಿ ಬೇರೆ ಬೇರೆಯಾಗಿ, ಕೇಂದ್ರದಿಂದ ಅವುಗಳ ದಿಕ್ಕು ಮತ್ತು ದೂರದೊಂದಿಗೆ ಇರುತ್ತವೆ. ಕೊನೆಯ ‘ಯು’ ಸಾಲು ಟಿಪ್ಪಣಿಗಳಿಗೆ ಮೀಸಲು. 2024ರ ಅಕ್ಟೋಬರ್‌ನಲ್ಲಿ, ದಶಕಗಳ ಕಾಲ ಹರಿಕೇನ್‌ಗಳೊಳಗೆ ಹಾರಿದ್ದ ರೇಡಾರ್ ವಿಜ್ಞಾನಿ ಪೀಟರ್ ಡಾಜ್ ಅವರ ಚಿತಾಭಸ್ಮವನ್ನು ಸಹೋದ್ಯೋಗಿಗಳು ಮಿಲ್ಟನ್ ಹರಿಕೇನ್‌ನೊಳಗೆ ಬಿಟ್ಟಾಗ, ಅದು ಅವರ 387ನೆಯ ಪ್ರವೇಶವೆಂದು ಸಂದೇಶದಲ್ಲೇ ನಮೂದಿಸಿದ್ದರು.

ಯಾವ ಗಾಳಿಯನ್ನು ನಂಬುವುದು

ಈಗ ಕೈಯಲ್ಲಿ ಮೂರು ಬಗೆಯ ಗಾಳಿಗಳಿವೆ: ಹಾರಾಟದ ಮಟ್ಟದ್ದು, ಎಸ್‌ಎಫ್‌ಎಂಆರ್‌ನದು, ಕೊಳವೆಯದ್ದು. ಹಾರಾಟದ ಮಟ್ಟದ ಗಾಳಿಯನ್ನು ಮೇಲ್ಮೈಗೆ ಇಳಿಸಲು ಎತ್ತರಕ್ಕೆ ತಕ್ಕ ಪ್ರಮಾಣವನ್ನು ಬಳಸುತ್ತಾರೆ. ಕಣ್ಣಿನ ಗೋಡೆಯಲ್ಲಿ 700 ಮಿಲಿಬಾರ್ ಮಟ್ಟದ ಗಾಳಿಯ ಶೇಕಡಾ 90, 850 ಮಿಲಿಬಾರ್‌ನಲ್ಲಾದರೆ ಶೇಕಡಾ 80, 925 ಮಿಲಿಬಾರ್‌ನಲ್ಲಾದರೆ ಶೇಕಡಾ 75. ಎತ್ತರ ಕಡಿಮೆಯಾದಂತೆ ಪ್ರಮಾಣ ತಗ್ಗುವುದು ವಿಚಿತ್ರವೆನಿಸಬಹುದು. ಗಾಳಿ ಅತಿ ಜೋರಾಗಿರುವುದು ಸಮುದ್ರದಿಂದ ಕೆಲವು ನೂರು ಮೀಟರ್ ಮೇಲಿನ ಪದರದಲ್ಲಿ, ಅಲ್ಲಿಂದ ಮೇಲಕ್ಕೆ ಅದು ನಿಧಾನವಾಗಿ ಕುಗ್ಗುತ್ತದೆ ಎಂಬುದೇ ಅದಕ್ಕೆ ಕಾರಣ. ನಮ್ಮ ಅಭ್ಯಾಸದ ಸಾಲಿನಲ್ಲಿ 104ರ ಶೇಕಡಾ 90 ಎಂದರೆ ಸುಮಾರು 94 ನಾಟ್. ಎಸ್‌ಎಫ್‌ಎಂಆರ್ 91 ಎನ್ನುತ್ತದೆ. ಎರಡು ಸ್ವತಂತ್ರ ದಾರಿಗಳು ಇಷ್ಟು ಹತ್ತಿರ ಬಂದಾಗ ಭರವಸೆಯಿಡಬಹುದು. ಗಾಳಿಯ ವೇಗದಿಂದ ಹರಿಕೇನ್‌ಗಳನ್ನು ಐದು ವರ್ಗಗಳಾಗಿ ವಿಂಗಡಿಸುವ ಸಾಫಿರ್-ಸಿಂಪ್ಸನ್ ಮಾಪಕದಲ್ಲಿ 83ರಿಂದ 95 ನಾಟ್ ಎರಡನೆಯ ವರ್ಗ, 96ರಿಂದ ಮೂರನೆಯ ವರ್ಗ; ಹಾಗಾಗಿ ಈ ಸಾಲಿನ ಮೇಲೆ ಮೂರನೆಯ ವರ್ಗದ ಹರಿಕೇನ್ ಎಂದು ಘೋಷಿಸಲಾಗದು, ಅದರ ಹೊಸ್ತಿಲಲ್ಲಿದೆ ಎನ್ನಬಹುದು.

ಎರಡು ದಾರಿಗಳು ಬೇರೆ ಬೇರೆ ಹೇಳಿದರೆ ಸರಾಸರಿ ತೆಗೆಯುವ ಆತುರ ಬೇಡ. ಮಳೆಯ ಗುಂಪನ್ನು ನೋಡಿ, ನೀರಿನ ಆಳವನ್ನು ನೋಡಿ, ಅದೇ ಸುತ್ತಿನಲ್ಲಿ ಕೊಳವೆ ಬಿದ್ದಿದೆಯೇ ಎಂದು ನೋಡಿ, ಅಕ್ಕಪಕ್ಕದ ಸಾಲುಗಳು ಆ ಏರಿಕೆಯನ್ನು ಬೆಂಬಲಿಸುತ್ತವೆಯೇ ಎಂದು ನೋಡಿ. ತಜ್ಞರಿಗೂ ಈ ತೂಗಾಟ ಸುಲಭವಲ್ಲ. 2018ರ ಅಕ್ಟೋಬರ್ 10ರಂದು ಫ್ಲೋರಿಡಾವನ್ನು ಅಪ್ಪಳಿಸಿದ ಮೈಕೆಲ್ ಹರಿಕೇನ್‌ನ ಗಾಳಿಯನ್ನು ಆಗ 135 ನಾಟ್ ಎಂದು ಅಂದಾಜಿಸಿದ್ದರು. ಎಲ್ಲ ಅಳತೆಗಳನ್ನೂ ಮತ್ತೆ ಪರಿಶೀಲಿಸಿ 2019ರ ಏಪ್ರಿಲ್‌ನಲ್ಲಿ ಅದನ್ನು 140 ನಾಟ್‌ಗೆ, ಐದನೆಯ ವರ್ಗಕ್ಕೆ, ಏರಿಸಿದರು.

ಚಂಡಮಾರುತ ಬಲಗೊಳ್ಳುತ್ತಿದೆಯೇ ಎಂಬ ಪ್ರಶ್ನೆಗೆ ಗಾಳಿಗಿಂತ ವಾಯುಭಾರವೇ ಉತ್ತಮ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಗಾಳಿಯ ಗರಿಷ್ಠವನ್ನು ವಿಮಾನ ತಪ್ಪಿಸಿಕೊಳ್ಳಬಹುದು. ವಾಯುಭಾರದ ಕನಿಷ್ಠ ಕೇಂದ್ರದಲ್ಲೇ ಇರುತ್ತದೆ, ವಿಮಾನ ಹುಡುಕಿಕೊಂಡು ಹೋಗುವುದೂ ಅದನ್ನೇ. ಸತತ ಮೂರು ವೋರ್ಟೆಕ್ಸ್ ಸಂದೇಶಗಳ ‘ಡಿ’ ಸಾಲನ್ನು ಸಮಯದೊಂದಿಗೆ ಬರೆದಿಟ್ಟರೆ ಪ್ರವೃತ್ತಿ ಕಾಣುತ್ತದೆ. ಒತ್ತಡ ಬಿದ್ದ ಕೂಡಲೇ ಗಾಳಿ ಏರುವುದಿಲ್ಲ, ತುಸು ತಡವಾಗಿ ಹಿಂಬಾಲಿಸುವುದೂ ಉಂಟು.

ಹಾರಾಟದ ಎತ್ತರ ಓದುವವರಿಗಷ್ಟೇ ಅಲ್ಲ, ಹಾರುವವರಿಗೂ ಜೀವನ್ಮರಣದ ಪ್ರಶ್ನೆ. ಸಮಗತಿಯ ಗಾಳಿ ಎಷ್ಟೇ ಜೋರಾಗಿದ್ದರೂ ವಿಮಾನ ಅದರೊಂದಿಗೆ ಸಾಗುತ್ತದೆ. ಕೇಡು ಮಾಡುವುದು ಮೇಲೆ ಕೆಳಗೆ ಎಳೆಯುವ ದಿಢೀರ್ ಪ್ರವಾಹಗಳು. 1989ರ ಸೆಪ್ಟೆಂಬರ್ 15ರಂದು ಬಾರ್ಬಡೋಸ್‌ನ ಪೂರ್ವಕ್ಕೆ ಹ್ಯೂಗೋ ಹರಿಕೇನ್‌ನ ಗೋಡೆಯನ್ನು ಓರಿಯನ್ ವಿಮಾನವೊಂದು ಕೇವಲ 1500 ಅಡಿ ಎತ್ತರದಲ್ಲಿ ಹೊಕ್ಕಿತು. ನಾಲ್ಕು ಎಂಜಿನ್ನುಗಳಲ್ಲಿ ಮೂರನೆಯದು ಬೆಂಕಿ ಹೊತ್ತಿ ನಿಂತುಹೋಯಿತು; ವಿಮಾನ ಕಣ್ಣಿನೊಳಗೇ ಸುತ್ತುತ್ತಾ ಮೇಲೇರಿ, ವಾಯುಪಡೆಯ ಇನ್ನೊಂದು ವಿಮಾನ ತೋರಿಸಿದ ಸೌಮ್ಯ ಭಾಗದ ಮೂಲಕ ಹೊರಬಂತು. ಬಲಿತ ಹರಿಕೇನ್‌ಗಳನ್ನು ಈಗ ಸಾಮಾನ್ಯವಾಗಿ 700 ಮಿಲಿಬಾರ್ ಮಟ್ಟದ ಆಸುಪಾಸಿನಲ್ಲೇ, ಅಂದರೆ ಸುಮಾರು 10,000 ಅಡಿ ಎತ್ತರದಲ್ಲಿ, ಹೊಗುತ್ತಾರೆ. ಇನ್ನೂ ದುರ್ಬಲವಾಗಿರುವವನ್ನು 5,000 ಅಡಿ ಅಥವಾ ಅದಕ್ಕೂ ಕೆಳಗೆ. ಮೇಲಿನ ಶೇಕಡಾವಾರು ಲೆಕ್ಕ ಹಾಕುವ ಮೊದಲು ಸಾಲಿನ ಎರಡನೆಯ ಗುಂಪನ್ನು ನೋಡುವ ಅಭ್ಯಾಸ ಅದಕ್ಕೇ ಬೇಕು.

ಸಾಲುಗಳಲ್ಲಿ ಕಾಣದ ಅಳತೆಗಳು

ಸಂಶೋಧನಾ ಹಾರಾಟದ ಬಹುದೊಡ್ಡ ಫಲ ಈ ಸಾಲುಗಳಲ್ಲಿ ಬರುವುದೇ ಇಲ್ಲ. ಓರಿಯನ್‌ನ ಬಾಲದಲ್ಲಿರುವ ಡಾಪ್ಲರ್ ರೇಡಾರ್ ಮಳೆಹನಿಗಳ ಚಲನೆಯನ್ನು ಅಳೆದು, ಚಂಡಮಾರುತದ ಗಾಳಿಯ ಮೂರು ಆಯಾಮದ ಚಿತ್ರವನ್ನು ಕಟ್ಟುತ್ತದೆ; ಆ ದತ್ತಾಂಶ ನೇರವಾಗಿ ಮುನ್ಸೂಚನಾ ಮಾದರಿಗಳಿಗೆ ಸೇರುತ್ತದೆ. ಸಮುದ್ರದೊಳಗೆ ಇಳಿದು ಆಳದ ಉಷ್ಣಾಂಶ ಅಳೆಯುವ ಶೋಧಕಗಳನ್ನೂ, ವಿಮಾನದಿಂದಲೇ ಹಾರಿಬಿಟ್ಟು ಅಲೆಗಳಿಗೆ ಸಮೀಪದವರೆಗೂ ಇಳಿಸಬಹುದಾದ ಪುಟ್ಟ ಡ್ರೋನ್‌ಗಳನ್ನೂ ಬಳಸುತ್ತಾರೆ. ಮಯಾಮಿಯಲ್ಲಿರುವ ನೋವಾದ ಹರಿಕೇನ್ ಸಂಶೋಧನಾ ವಿಭಾಗ ಈ ಪ್ರಯೋಗಗಳನ್ನು ರೂಪಿಸುತ್ತದೆ. ಹೀಗಾಗಿ ವಿಮಾನವು ಗಂಟೆಗಟ್ಟಲೆ ಕೇಂದ್ರಕ್ಕೆ ಹೋಗದೆ ಹೊರವಲಯದಲ್ಲೇ ಸುಳಿದಾಡುತ್ತಿದ್ದರೆ ಏನೋ ಕೆಟ್ಟಿದೆಯೆಂದು ಭಾವಿಸಬೇಡಿ. ಆ ದಿನದ ಪ್ರಶ್ನೆ ಬೇರೆಯದಾಗಿರಬಹುದು.

ಮೊದಲ ಅಭ್ಯಾಸಕ್ಕೆ ನಡೆಯುತ್ತಿರುವ ಚಂಡಮಾರುತವನ್ನು ಆರಿಸಿಕೊಳ್ಳಬೇಡಿ. ಸಂದೇಶಗಳು ತಡವಾಗುತ್ತವೆ, ತಿದ್ದುಪಡಿಗಳು ಬರುತ್ತವೆ, ಆತಂಕವೂ ಸೇರಿಕೊಳ್ಳುತ್ತದೆ. ಹರಿಕೇನ್ ಕೇಂದ್ರದ ಸಂಗ್ರಹದಲ್ಲಿ 1989ರಿಂದ ಈಚಿನ ವಿಮಾನ ವರದಿಗಳಿವೆ. ವಿಲ್ಮಾದ 2005ರ ಅಕ್ಟೋಬರ್ 18 ಮತ್ತು 19ರ ವೋರ್ಟೆಕ್ಸ್ ಸಂದೇಶಗಳನ್ನು ಕ್ರಮವಾಗಿ ತೆರೆದು, ವಾಯುಭಾರ, ಕಣ್ಣಿನ ವ್ಯಾಸ, ಒಳಗಿನ ಉಷ್ಣಾಂಶ, ಗರಿಷ್ಠ ಗಾಳಿ, ಈ ನಾಲ್ಕನ್ನು ಸಮಯದ ಎದುರು ಬರೆಯಿರಿ. ಅಂದಿನ ಸಂದೇಶದ ಸಾಲುಕ್ರಮ ಇಂದಿನದಕ್ಕಿಂತ ಬೇರೆ. ಆದ್ದರಿಂದ ಅಕ್ಷರವನ್ನಲ್ಲ, ಪಕ್ಕದಲ್ಲಿರುವ ಏಕಮಾನವನ್ನು ನೋಡಿ ಗುರುತಿಸಿ. ಪಟ್ಟಿ ಮುಗಿದ ಮೇಲೆ ಅದೇ ಕೇಂದ್ರ ಋತುವಿನ ಕೊನೆಗೆ ಪ್ರಕಟಿಸಿದ ವಿಲ್ಮಾ ವರದಿಯ ಅಂತಿಮ ಕೋಷ್ಟಕವನ್ನು ತೆರೆದು, ನಿಮ್ಮ ಅಂದಾಜು ಎಲ್ಲೆಲ್ಲಿ ಅದರಿಂದ ದೂರ ಸರಿದಿದೆಯೋ ಅಲ್ಲಿನ ಮೂಲ ಸಾಲುಗಳಿಗೆ ಹಿಂದಿರುಗಿ, ಎತ್ತರ, ಸ್ಥಳ, ಸಮಯಗಳಲ್ಲಿ ಯಾವುದನ್ನು ಗಮನಿಸಲಿಲ್ಲವೆಂದು ಪರಿಶೀಲಿಸಿ.